ಇಪ್ಪತ್ತನಾಲ್ಕು ಟನ್ ಗಾಳಿ

ಮಾರ್ಚ್ 3, ಸೋಮವಾರ

ಹೊಸ ಸಾಹೇಬರು ಬಾಯ್ಲರ್ ಮನೆಗೆ ಎರಡು ದಪ್ಪ ನೋಟ್‌ಬುಕ್ಕು ಕೊಟ್ಟರು. ಒಂದು ದಿನದ ಲೆಕ್ಕ ಬರೆಯಲು, ಇನ್ನೊಂದು ಅದು ತುಂಬಿದ ಮೇಲೆ ಬರೆಯಲು. ನನ್ನ ಕೈಬರಹದ ವೇಗಕ್ಕೆ ಮೊದಲನೆಯದು ತುಂಬುವಷ್ಟರಲ್ಲಿ ಸಾಹೇಬರಿಗೆ ಮೊಮ್ಮಕ್ಕಳಾಗಿರುತ್ತಾರೆ. ಹಾಗಾಗಿ ಎರಡನೆಯದನ್ನು ನಾನೇ ಇಟ್ಟುಕೊಂಡೆ. ಕದ್ದದ್ದಲ್ಲ. ಆಚೆಗೆ ಒಯ್ಯುವುದಿಲ್ಲ, ಇಲ್ಲೇ ಕಲ್ಲಿದ್ದಲ ರಾಶಿಯ ಹಿಂದೆ ಕೂತು ಬರೆಯುತ್ತೇನೆ; ರಾತ್ರಿ ಮನೆಯಲ್ಲಿ ಆದದ್ದನ್ನು ಮರುದಿನ ಬಂದು ಸೇರಿಸುತ್ತೇನೆ.

ಬರೆಯಲು ವಿಷಯವೂ ಸಿಕ್ಕಿತು. ನಮ್ಮದು ದೊಡ್ಡ ಲಾಂಡ್ರಿ. ಊರಿನ ಆಸ್ಪತ್ರೆಗಳ ಬೆಡ್‌ಶೀಟು, ದಿಂಬಿನ ಚೀಲ ಎಲ್ಲ ಇಲ್ಲಿಗೇ ಬರುತ್ತದೆ. ಕುದಿಸಲು, ಒಣಗಿಸಲು, ಇಸ್ತ್ರಿ ಹಾಕಲು ಹಬೆ ಬೇಕು. ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ನಾನು ಬೇಕು. ಐದನೇ ಕ್ಲಾಸಿನಲ್ಲಿ ಪೆನ್ಸಿಲ್ ಬಿಟ್ಟು ಹೋದವನು ನಾನು, ಸಲಿಕೆ ಮಾತ್ರ ಇಪ್ಪತ್ತಮೂರು ವರ್ಷದಿಂದ ಬಿಟ್ಟಿಲ್ಲ.

ಸಾಹೇಬರು ಇವತ್ತು ಕೆಳಗಿಳಿದು ಬಂದು ಒಲೆಯನ್ನು ನೋಡಿ ಕೇಳಿದರು, "ಒಂದು ಕೆಜಿ ಕಲ್ಲಿದ್ದಲು ಉರಿಯೋಕೆ ಎಷ್ಟು ಗಾಳಿ ಬೇಕು?"

"ಬೇಕಾದಷ್ಟು ಸಾರ್."

"ಎಷ್ಟು ಕೆಜಿ?"

ಇವರೂ ತಮಾಷೆ ಮನುಷ್ಯರೇ, ನಮ್ಮ ಜೋಡಿ ಸರಿಹೋಯಿತು ಅಂದುಕೊಂಡು ಹೊಟ್ಟೆ ಹಿಡಿದು ನಕ್ಕೆ. ಗಾಳಿಯನ್ನು ಕೆಜಿಯಲ್ಲಿ! "ಕಟ್ಟಿ ಕೊಡ್ಲಾ ಸಾರ್, ಇಲ್ಲಾ ಹಾಗೇ ಒಯ್ತೀರಾ?" ಅಂದೆ. ನಕ್ಕಿದ್ದು ನಾನೊಬ್ಬನೇ. ಸಾಹೇಬರು ಒಂದು ಅಚ್ಚು ಹಾಕಿದ ಫಾರಂ ಕೊಟ್ಟು ಹತ್ತಿ ಹೋದರು. ಅದರಲ್ಲಿ ನಾಲ್ಕು ಕಲಮು: ಕಲ್ಲಿದ್ದಲು, ನೀರು, ಬೂದಿ, ಗಾಳಿ.

ಮಾರ್ಚ್ 4, ಮಂಗಳವಾರ

ಗಾಳಿಯ ಕಲಮಿನಲ್ಲಿ 'ಸಾಕಷ್ಟು' ಅಂತ ಬರೆದು ಕಳಿಸಿದ್ದೆ. ಕೆಂಪು ಗೆರೆ ಹಾಕಿಸಿಕೊಂಡು ವಾಪಸು ಬಂತು. 'ಸ್ವಲ್ಪ ಜಾಸ್ತಿ' ಅಂತ ತಿದ್ದಿ ಕಳಿಸಿದೆ. ಈ ಸಲ ಸಾಹೇಬರೇ ಬಂದರು.

"ಲೆಕ್ಕ ಬರೋರು ಒಬ್ರನ್ನ ನೋಡಿಟ್ಟಿದ್ದೀನಿ. ಶುಕ್ರವಾರ ಈ ಕಲಮು ಖಾಲಿ ಇದ್ರೆ, ಸೋಮವಾರ ಅವ್ರು ಇಲ್ಲಿರ್ತಾರೆ."

"ನಾನೆಲ್ಲಿರ್ತೀನಿ ಸಾರ್?"

"ಅದು ಈ ಫಾರಮ್ಮಲ್ಲಿಲ್ಲ."

ಈ ಮನುಷ್ಯನಿಗೆ ತಮಾಷೆ ಬರುತ್ತದೆ. ತನಗೆ ಬರುತ್ತದೆ ಅಂತ ಗೊತ್ತಿಲ್ಲ, ಅಷ್ಟೆ.

ನನ್ನ ಲೆಕ್ಕ ಇರುವುದು ಚಿಮಣಿಯ ತುದಿಯಲ್ಲಿ. ಹೊಗೆ ಕಪ್ಪಗಿದ್ದರೆ ಒಲೆಗೆ ಉಸಿರು ಸಾಲದು ಅಂತ. ಹೊಗೆಯೇ ಕಾಣದಿದ್ದರೆ ಗಾಳಿ ಜಾಸ್ತಿಯಾಗಿ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತಿದೆ ಅಂತ. ತಿಳಿ ಚಹಾದ ಬಣ್ಣಕ್ಕೆ ಬಂದರೆ ಸರಿಯಾಗಿದೆ. ಒಲೆಯ ಕೆಳಗಿನ ಗಾಳಿಬಾಗಿಲನ್ನು ಎರಡು ಬೆರಳು ಆಚೆ, ಒಂದು ಬೆರಳು ಈಚೆ ಮಾಡಿದರೆ ಮುಗಿಯಿತು. ಇದನ್ನು ಕೆಜಿಯಲ್ಲಿ ಹೇಳು ಅಂದರೆ, ನಿನ್ನೆಯ ನಿದ್ದೆ ಎಷ್ಟು ಮೀಟರ್ ಇತ್ತು ಅಂತ ಕೇಳಿದ ಹಾಗೆ.

ಕೆಲಸಕ್ಕೆ ಬರುವಾಗ ಗೇಟು ಎಂದಿನ ಹಾಗೆ ನನ್ನ ಊಟದ ಕ್ಯಾರಿಯರ್ ಬಿಚ್ಚಿ, ಮೂರೂ ಡಬ್ಬಿ ಮೂಸಿ ನೋಡಿ, ಮಾತಿಲ್ಲದೆ ಮುಚ್ಚಿ ಕೊಟ್ಟಿತು. ಗೇಟು ಅಂದರೆ ಕಬ್ಬಿಣದ್ದಲ್ಲ, ಕಾಯುವವನು. ನನ್ನ ಮನೆಯವಳ ಒಡಹುಟ್ಟಿದ ಅಣ್ಣ. ಆರು ವರ್ಷದಿಂದ ನನಗೂ ಅದಕ್ಕೂ ಮಾತಿಲ್ಲ. ಅವತ್ತು ನಾನು ಮೇಲಿನ ಡಬ್ಬಿಯಲ್ಲಿ ಊಟದ ಬದಲು ಒಂದು ಕಲ್ಲಿದ್ದಲ ಹೆಂಟೆ ಇಟ್ಟುಕೊಂಡು ಮನೆಗೆ ಹೊರಟಿದ್ದೆ. ಬಿಚ್ಚಿದಾಗ ಗೇಟಿನ ಮುಖ ನೋಡಬೇಕು ಅಂತ ಆಸೆ. ಮುಖದಲ್ಲಿ ಏನೂ ಆಗಲಿಲ್ಲ. ಹೆಂಟೆಯನ್ನು ತೂಗಿತು, ಕಾಲು ಕೆಜಿ. ಚೀಟಿ ಕಟ್ಟಿ ಮೇಜಿನ ಡ್ರಾಯರಿಗೆ ಹಾಕಿತು. ನನ್ನ ಹೆಸರು ಪುಸ್ತಕದಲ್ಲಿ ಬರೆಯಿತು. ಎರಡು ದಿನ ನನ್ನನ್ನು ಮನೆಯಲ್ಲಿ ಕೂರಿಸಿದರು. ಹಳೇ ಸಾಹೇಬರು ಪಕ್ಕದಲ್ಲೇ ನಿಂತಿದ್ದರು, ಅದಕ್ಕೇ ಬರೆಯಬೇಕಾಯಿತಂತೆ. ನಿಂತಿದ್ದರೇನು, ತಂಗಿಯ ಗಂಡನಿಗೋಸ್ಕರ ಒಂದು ಸಲ ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಒಳ್ಳೇ ಜೋಕು ಅದು. ಈಗಲೂ ಹೇಳುತ್ತೇನೆ.

ಮಾರ್ಚ್ 6, ಗುರುವಾರ

ಮನೆಯವಳು ಹತ್ತರವರೆಗೆ ಓದಿದವಳು. ಫಾರಮ್ಮಿನ ಬೆನ್ನಿಗೆ ಸಾಹೇಬರು ಅಚ್ಚು ಹಾಕಿಸಿದ್ದ ಸೂತ್ರವನ್ನೂ, ಕಲ್ಲಿದ್ದಲಿನ ಜೊತೆ ಬರುವ ಚೀಟಿಯನ್ನೂ ನಿನ್ನೆ ಸಂಜೆ ಅವಳ ಮುಂದೆ ಇಟ್ಟೆ. ಕಾಳು ಆರಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟಳು.

"ನೂರು ಪಾಲಲ್ಲಿ ಅರವತ್ತು ಇಂಗಾಲ ಇದೆ ನೋಡ್ರೀ. ನಾಲ್ಕು ಜಲಜನಕ. ಎಂಟು ಆಮ್ಲಜನಕ, ಅದನ್ನ ಕಲ್ಲಿದ್ದಲೇ ಜೇಬಲ್ಲಿಟ್ಕೊಂಡು ಬಂದಿದೆ, ಅಷ್ಟು ಗಾಳಿ ನಾವು ಕೊಡೋದು ಬೇಡ."

"ಮಿಕ್ಕಿದ್ದು?"

"ಬೂದಿ, ತೇವ, ಕಸ. ಉರಿಯಲ್ಲ, ಸುಮ್ನೆ ಜಾಗ ಹಿಡ್ಕೊಂಡಿರುತ್ತೆ."

"ನಮ್ಮ ಸ್ಟೋರಿನವನ ಹಾಗೆ."

"ನಗಿಸ್ಬೇಡಿ, ಗುಣಿಸೋದು ತಪ್ಪತ್ತೆ."

ಇಂಗಾಲಕ್ಕೆ ಏಳು, ಜಲಜನಕಕ್ಕೆ ಒಂದು, ಒಟ್ಟು ಎಂಟು ಕೆಜಿ. ಒಂದು ಕೆಜಿ ಕಲ್ಲಿದ್ದಲಿಗೆ ಎಂಟು ಕೆಜಿ ಗಾಳಿ! ನಾನು ಮೂರು ಸಲ ಲೆಕ್ಕ ಮಾಡಿಸಿದೆ. ಎಂಟೇ ಬಂತು.

"ಇಷ್ಟೇ ಕೊಟ್ರೆ ಸಾಲಲ್ಲ ಅಂತ ಇಲ್ಲಿ ಬರ್ದಿದಾರೆ," ಅಂದಳು. "ಸಲಿಕೇಲಿ ಹಾಕೋ ಒಲೆಗೆ ಅರ್ಧ ಸೇರಿಸ್ಬೇಕಂತೆ. ಎಂಟು ಜನ ನೆಂಟ್ರು ಅಂದ್ರೆ ನಾನು ಹನ್ನೆರಡು ಜನಕ್ಕೆ ಬೇಯಿಸಲ್ವಾ, ಹಂಗೆ."

"ನೆಂಟ್ರು ಬಂದು ಯಾವ ಕಾಲ ಆಯ್ತೇ?"

"ಬರೋ ನೆಂಟ ಒಬ್ನೇ ಇದಾನೆ. ಗೇಟಲ್ಲಿ ಕೂತಿದಾನೆ," ಅಂದು ಮೊರ ಎಳೆದುಕೊಂಡಳು.

ಕೆಜಿಗೆ ಹನ್ನೆರಡು. ದಿನಕ್ಕೆ ಎರಡು ಟನ್ ಕಲ್ಲಿದ್ದಲು ಹಾಕುತ್ತೇನೆ. ಅಲ್ಲಿಗೆ ದಿನಕ್ಕೆ ಇಪ್ಪತ್ತನಾಲ್ಕು ಟನ್ ಗಾಳಿ.

ಇಪ್ಪತ್ತಮೂರು ವರ್ಷ ಎರಡು ಟನ್ ಎತ್ತಿ ಹಾಕಿ ಸೊಂಟ ಹೋಯಿತು ಅಂತ ಗೋಳಾಡುತ್ತಿದ್ದೆ. ಪಾಪ, ಗಾಳಿ ತಾನೇ ನಡೆದುಕೊಂಡು ಬರುತ್ತಿತ್ತು. ಅದನ್ನೂ ಸಲಿಕೆಯಲ್ಲಿ ಹಾಕು ಅಂದಿದ್ದರೆ?

ಮಾರ್ಚ್ 7, ಶುಕ್ರವಾರ

ಕಲಮಿನಲ್ಲಿ 24 ಟನ್ ಅಂತ ದಪ್ಪಗೆ ಬರೆದೆ. ಸಾಹೇಬರು ಎರಡು ಸಲ ನೋಡಿ ಕೈ ಕುಲುಕಿದರು. ಅವರ ಅಂಗೈ ಕಪ್ಪಾಯಿತು. ಒರೆಸಿಕೊಳ್ಳಲಿಲ್ಲ. ಕೆಲಸ ಉಳಿಯಿತು.

ಮಾರ್ಚ್ 11, ಮಂಗಳವಾರ

ಲೆಕ್ಕ ಅನ್ನುವುದು ಅಂಟುರೋಗ. ಇಸ್ತ್ರಿ ವಿಭಾಗದ ಹೆಂಗಸರಿಗೆಲ್ಲ ಹೇಳಿದೆ, "ಒಂದು ಶೀಟ್ ಒಣಗೋಕೆ ಎಷ್ಟು ಕೆಜಿ ಗಾಳಿ ಹೋಗುತ್ತೆ ಗೊತ್ತಾ? ಸ್ವಲ್ಪ ಗೌರವದಿಂದ ಮಡಚಿ." ಹಿರಿಯ ಇಸ್ತ್ರಿಯಮ್ಮ, "ನಿಮ್ ಬಾಯಿಂದ ದಿನಾ ಬರೋದು ಎಷ್ಟು ಟನ್ನು?" ಅಂದಳು. ನನ್ನ ಜೋಕಿಗಿಂತ ಚೆನ್ನಾಗಿತ್ತು, ಇಲ್ಲಿ ಬರೆದಿಟ್ಟೆ.

ಮಧ್ಯಾಹ್ನ ಸ್ಟೋರಿನವನು ಬಂದ. ಸೊಂಟದ ಪೆಟ್ಟಿಗೆಯಲ್ಲಿ ರಬ್ಬರ್ ಸೀಲು ಇಟ್ಟುಕೊಂಡು ಓಡಾಡುವುದರಿಂದ ಅವನನ್ನು ನಾವು ಸೀಲಪ್ಪ ಅನ್ನುತ್ತೇವೆ. ಕೈಯಲ್ಲಿ ನನ್ನ ಫಾರಂ ಇತ್ತು.

"ಕಲ್ಲಿದ್ದಲು ಎರಡು ಟನ್ನು, ಸರಿ, ನನ್ನ ಪುಸ್ತಕದಲ್ಲೂ ಇದೆ. ಈ ಇಪ್ಪತ್ತನಾಲ್ಕು ಟನ್ನು ಸಾಮಾನು ಯಾವಾಗ ಬಂತು?"

"ಗಾಳಿ ಕಣಪ್ಪಾ ಅದು."

"ಏನಾದ್ರೂ ಆಗ್ಲಿ. ಟನ್ನಲ್ಲಿ ಬಂದ್ಮೇಲೆ ಸಾಮಾನೇ. ನನ್ನ ಸ್ಟೋರಿಗೆ ಬಂದಿಲ್ಲ. ನೇರವಾಗಿ ನಿಮ್ಮ ಹತ್ರ ಹೇಗೆ ಬಂತು?"

"ಕಿಟಕಿಯಿಂದ."

ಅವನು 'ಕಿಟಕಿಯಿಂದ' ಅಂತ ಬರೆದುಕೊಂಡ. ನನಗೆ ಹುರುಪು ಬಂತು. "ಗೇಟನ್ನೇ ಕೇಳಪ್ಪಾ. ನನ್ನ ಊಟದ ಡಬ್ಬಿ ಬಿಡದ ಮನುಷ್ಯ, ಇಪ್ಪತ್ತನಾಲ್ಕು ಟನ್ನು ಹೇಗೆ ಬಿಟ್ಟ ಅಂತ ಕೇಳು!"

ಅದನ್ನೂ ಬರೆದುಕೊಂಡ.

ಮಾರ್ಚ್ 12, ಬುಧವಾರ

ಗೇಟಿಗೆ ನೋಟೀಸು ಬಂತು! ನಾಲ್ಕು ಕೆಲಸದ ದಿನದಲ್ಲಿ ತೊಂಬತ್ತಾರು ಟನ್ ಸಾಮಾನು ದಾಖಲೆಯಿಲ್ಲದೆ ಗೇಟಿನ ಮೂಲಕ ಒಳಗೆ ಬಂದಿದೆ, ಯಾಕೆ ಅಂತ ಕಾರಣ ಕೊಡಬೇಕು. ಮಂಗಳವಾರ ವಿಚಾರಣೆ. ನಾನು ಕಲ್ಲಿದ್ದಲ ಮೇಲೆ ಉರುಳಾಡಿ ನಕ್ಕೆ. ಅಂಗಿಯೆಲ್ಲ ಕಪ್ಪು. ಆರು ವರ್ಷ ಕಾದಿದ್ದಕ್ಕೆ ಒಳ್ಳೇ ಫಲ.

ಮನೆಯಲ್ಲಿ ಹೇಳಿದೆ. ಅವಳು ನಗಲಿಲ್ಲ. ಅವಳಿಗೆ ಹಲ್ಲುನೋವಿರಬೇಕು.

ಮಾರ್ಚ್ 13, ಗುರುವಾರ

ಗೇಟನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ದೂರ ಅಂದರೆ ಹತ್ತು ಅಡಿ. ತನ್ನ ಸ್ಟೂಲನ್ನೇ ತಂದು ಗೇಟಿನ ಹೊರಗೆ ರಸ್ತೆಬದಿಯಲ್ಲಿ ಹಾಕಿಕೊಂಡು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಕೂತಿದ್ದಾನೆ. ಒಳಗೆ ಅವನ ಜಾಗದಲ್ಲಿ ನಿಂತಿರುವ ಹೊಸಬ ನನ್ನ ಡಬ್ಬಿ ನೋಡಲೇ ಇಲ್ಲ. ಹಾಗೇ ಬಿಟ್ಟ. ಏನೋ ಬಟ್ಟೆ ಹಾಕಿಕೊಳ್ಳದೆ ಒಳಗೆ ಹೋದ ಹಾಗಾಯಿತು.

ಮಾರ್ಚ್ 14, ಶುಕ್ರವಾರ

ಕ್ಯಾರಿಯರಿಗೆ ನಾಲ್ಕನೇ ಡಬ್ಬಿ ಸೇರಿದೆ. "ಮೇಲಿನದು ಅಣ್ಣಂಗೆ," ಅಂದಳು. ಎರಡು ದಿನದಲ್ಲಿ ಅವಳು ನನ್ನ ಹತ್ತಿರ ಆಡಿದ ಮಾತು ಅದೊಂದೇ.

ರಸ್ತೆಬದಿಗೆ ಹೋಗಿ ನಿಂತೆ. ಕ್ಯಾರಿಯರ್ ಮುಂದೆ ಹಿಡಿದೆ. ಅವನು ಅಭ್ಯಾಸಬಲದಿಂದ ನಾಲ್ಕೂ ಬಿಚ್ಚಿ ನೋಡಿದ. ಮೇಲಿನದರ ಮುಚ್ಚಳದಲ್ಲಿ ತಂಗಿ ಇಟ್ಟ ಚೀಟಿ ಇತ್ತು. ಓದಿ ಜೇಬಿಗೆ ಹಾಕಿಕೊಂಡ. ಡಬ್ಬಿ ತೆಗೆದುಕೊಂಡು ಉಳಿದದ್ದನ್ನು ಮುಚ್ಚಿ ಕೊಟ್ಟ. ತಲೆಯಲ್ಲಿ ಕೂದಲು ಇಷ್ಟು ಯಾವಾಗ ಬೆಳ್ಳಗಾಯಿತು?

ನೇರವಾಗಿ ಸಾಹೇಬರ ಕೋಣೆಗೆ ಹೋದೆ. "ಸಾರ್, ಗಾಳಿ ಅಂದ್ರೆ ಗಾಳಿ. ಎಲ್ಲಾ ಕಡೆ ಇರುತ್ತೆ. ಅದಕ್ಕೆ ಗೇಟಲ್ಲಿ ಕೂತಿರೋರು ಏನ್ಮಾಡ್ತಾರೆ?"

"ನಿಮ್ಮ ಲೆಕ್ಕ ತಪ್ಪಾ?"

"ಲೆಕ್ಕ ಸರಿ ಸಾರ್."

"ಸರಿ ಅಂದ್ರೆ ಬಂದಿದೆ. ಬಂದಿದ್ರೆ ಬರೀಬೇಕಿತ್ತು. ತಪ್ಪು ಅಂದ್ರೆ ಬರ್ಕೊಡಿ, ಲೆಕ್ಕ ಬರೋರನ್ನ ಕರೆಸ್ತೀನಿ."

ಅಲ್ಲಿಗೆ ಗೊತ್ತಾಯಿತು. ಲೆಕ್ಕ ಸರಿ ಅಂದರೆ ಗೇಟಿನವರ ಕೆಲಸ ಹೋಗುತ್ತದೆ, ತಪ್ಪು ಅಂದರೆ ನನ್ನದು. ಇದಕ್ಕೊಂದು ಜೋಕು ಇರಲೇಬೇಕು. ಹುಡುಕುತ್ತಿದ್ದೇನೆ.

ಮಾರ್ಚ್ 15, ಶನಿವಾರ

ಸಿಗಲಿಲ್ಲ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಸೀಲಪ್ಪ ಅಂಟು, ಕಾಗದ, ಸೀಲು ಹಿಡಿದುಕೊಂಡು ಬಂದ. ವಿಚಾರಣೆ ಮುಗಿಯುವ ತನಕ ಅನುಮತಿಯಿಲ್ಲದ ಸಾಮಾನು ಬಾಯ್ಲರ್ ಮನೆಗೆ ಬರಕೂಡದಂತೆ. ಮೂರೂ ಕಿಟಕಿ ಮುಚ್ಚಿ ಚೀಟಿ ಅಂಟಿಸಿದ. ಬಾಗಿಲು ಮುಚ್ಚಿಸಿದ. ಒಲೆಯ ಗಾಳಿಬಾಗಿಲಿಗೂ ಅಂಟಿಸಿದ. ಅದು ಹತ್ತು ನಿಮಿಷಕ್ಕೆ ಸುಟ್ಟು ಉದುರಿತು. ಇನ್ನೊಂದು ಅಂಟಿಸಿದ. ಅದೂ ಉದುರಿತು. "ಎಷ್ಟು ಚೀಟಿ ಉರೀತು ಅಂತ ಬರ್ಕೋ, ಅದಕ್ಕೂ ಗಾಳಿ ಲೆಕ್ಕ ಹಾಕ್ಬೇಕು," ಅಂದೆ. ಬರೆದುಕೊಂಡ.

ಆಮೇಲೆ ನಗುವ ಹಾಗಿರಲಿಲ್ಲ. ಬೆಂಕಿ ಕೆಂಪಗಾಯಿತು, ಆಮೇಲೆ ಕಂದು, ಆಮೇಲೆ ಮುದುಡಿಕೊಂಡಿತು. ಹಬೆಯ ಒತ್ತಡ ತೋರಿಸುವ ಮುಳ್ಳು ಇಳಿಯಿತು. ಇಸ್ತ್ರಿಯ ಉರುಳೆಗಳು ತಣ್ಣಗಾದವು. ಒದ್ದೆ ಶೀಟುಗಳನ್ನೆಲ್ಲ ಹೆಂಗಸರು ಅಂಗಳದಲ್ಲಿ ಹರವಿದರು. ನನ್ನ ಚಿಮಣಿ ಕರ್ರಗೆ ಕಾರಿ, ಅವುಗಳ ಮೇಲೆಲ್ಲ ಮಸಿ ಉದುರಿಸಿತು. ಆಸ್ಪತ್ರೆಯಿಂದ ಫೋನು ಬರತೊಡಗಿತು. ಅಲ್ಲಿ ರೋಗಿಗಳು ಬರೀ ಹಾಸಿಗೆಯ ಮೇಲೆ ಮಲಗಿದ್ದಾರಂತೆ.

ಹೊಗೆ ಒಳಗೂ ತಿರುಗಿತು. ಕಣ್ಣು ಕಾಣುತ್ತಿರಲಿಲ್ಲ. ಕೆಮ್ಮುತ್ತಾ ಕೂತುಬಿಟ್ಟೆ. ಆಗ ದೂರದಿಂದ ಒಂದು ದನಿ ಕೇಳಿತು.

"ಏಯ್! ಕಿಟಕಿ ತೆಗಿಯೋ ಮುಠ್ಠಾಳ! ಸತ್ತೋಗ್ತೀಯ!"

ಕಿಟಕಿಯ ಗಾಜನ್ನು ಅಂಗಿಯ ತೋಳಿನಿಂದ ಒರೆಸಿ ನೋಡಿದೆ. ಚಿಮಣಿ ನೋಡಿ ಸ್ಟೂಲು ಬಿಟ್ಟು ಓಡಿ ಬಂದಿದ್ದಾರೆ. ಆದರೆ ಒಳಗೆ ಬರಲು ಅಪ್ಪಣೆಯಿಲ್ಲವಲ್ಲ, ಗೇಟಿನ ಕಂಬಿ ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಣಿಯುತ್ತಿದ್ದಾರೆ. ಹೊಸಬ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾನೆ.

"ಸೀಲ್ ಹಾಕಿದಾರೆ!" ಅಂತ ಕೂಗಿದೆ.

"ಹರಿಯೋ ಅದನ್ನ! ತಂಗಿಗೆ ಏನು ಹೇಳ್ಲಿ ನಾನು?"

ಹರಿದೆ. ಗಾಳಿ ಬಂತು. ಆರು ವರ್ಷದಲ್ಲಿ ಮೊದಲನೇ ಮಾತು, ಅದೂ ಬೈಗುಳ. ನಿಯಮ ಮುರಿ ಅಂತ ಆ ಮನುಷ್ಯ ಯಾರಿಗಾದರೂ ಹೇಳಿದ್ದನ್ನು ನಾನು ಕೇಳಿಯೇ ಇಲ್ಲ.

ಮನೆಗೆ ಹೋಗಿ ಅವಳಿಗೆ ಹೇಳಿದೆ, "ನಾಳೆ ಲೆಕ್ಕ ತಪ್ಪು ಅಂತ ಬರ್ಕೊಡ್ತೀನಿ."

ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿದಳು. "ಲೆಕ್ಕ ನಾನು ಹಾಕಿದ್ದು. ತಪ್ಪಿಲ್ಲ," ಅಂದಳು. ಆಮೇಲೆ, "ಬರ್ಕೊಡಿ," ಅಂದಳು.

ಮಾರ್ಚ್ 18, ಮಂಗಳವಾರ

ವಿಚಾರಣೆ ಸಾಹೇಬರ ಕೋಣೆಯಲ್ಲಿ. ಅವರು, ಸೀಲಪ್ಪ, ನಾನು, ಭಾವ. ಭಾವನ ಕೈಯಲ್ಲಿ ಟೋಪಿ.

ನಾನೇ ಮೊದಲು ಎದ್ದೆ. "ಸಾರ್, ಲೆಕ್ಕ ತಪ್ಪು. ನಾನು ಐದನೇ ಕ್ಲಾಸು. ಗುಣಾಕಾರದಲ್ಲಿ ಎಡವಿದೀನಿ. ಗಾಳಿ ಅಷ್ಟೆಲ್ಲಾ ಬಂದಿಲ್ಲ. ಬರ್ದು ತಂದಿದೀನಿ."

ಸಾಹೇಬರು ಕೈ ಚಾಚಿದರು. ಅಷ್ಟರಲ್ಲಿ ಭಾವ ಎದ್ದರು.

"ಲೆಕ್ಕ ಸರಿಯಾಗಿದೆ ಸಾರ್."

"ನಿಮಗೆ ಹೇಗೆ ಗೊತ್ತು?"

ಭಾವ ಜೇಬಿನಿಂದ ನೋಟೀಸು ತೆಗೆದರು. ಅದರ ಬೆನ್ನ ತುಂಬ ಅಂಕಿ. ಜೊತೆಗೆ ತಂಗಿಯ ಚೀಟಿ. ಅದರಲ್ಲಿ ಇದ್ದದ್ದು ಸೂತ್ರ! "ನಾಲ್ಕು ದಿನ ಹೊರಗೆ ಕೂತು ಹಾಕಿದೀನಿ. ನಂಗೆ ಹನ್ನೆರಡರ ಮೇಲೆ ಚಿಲ್ಲರೆ ಬಂತು. ಚಿಲ್ಲರೆ ಇವನು ಬಿಟ್ಟಿದಾನೆ, ಅಷ್ಟೆ. ಗಾಳಿ ಬಂದಿದ್ದು ನಿಜ. ಶನಿವಾರ ನನ್ನ ಟೋಪಿ ಹಾರಿಸ್ಕೊಂಡು ಗೇಟಿನೊಳಗೆ ಹೋಯ್ತು, ಕಣ್ಣಾರೆ ನೋಡಿದೀನಿ. ಬರೀದೇ ಇದ್ದದ್ದು ನನ್ನ ತಪ್ಪು."

"ಭಾವ, ಸುಮ್ನಿರಿ! ಸಾರ್, ಇವ್ರಿಗೆ ಲೆಕ್ಕ ಬರಲ್ಲ."

"ನೀನ್ ಸುಮ್ನಿರಯ್ಯ. ಸಾರ್, ಇವನು ಲೆಕ್ಕದಲ್ಲಿ ತಪ್ಪೋನಲ್ಲ. ತಪ್ಪೋದು ತಮಾಷೇಲಿ."

"ನಂದೇ ತಪ್ಪು ಸಾರ್!"

"ನಂದು ಸಾರ್!"

ಹೀಗೆ ಎಷ್ಟು ಹೊತ್ತು ಕೂಗಾಡಿದೆವೋ. ಇಬ್ಬರೂ ನಿಂತಿದ್ದೆವು, ಮುಖಕ್ಕೆ ಮುಖ ಕೊಟ್ಟುಕೊಂಡು. ಸಾಹೇಬರು ನನ್ನನ್ನೂ ಅವರನ್ನೂ ಸರದಿಯಲ್ಲಿ ನೋಡಿದರು. ಫೋನು ರಿಂಗಾಯಿತು. ಆಸ್ಪತ್ರೆಯವರು. ಸಾಹೇಬರು ರಿಸೀವರನ್ನು ಕಿವಿಯಿಂದ ದೂರ ಹಿಡಿದು ಕೇಳಿಸಿಕೊಂಡು, ಇಟ್ಟು, ಬೆವರು ಒರೆಸಿಕೊಂಡರು.

"ಇಬ್ರೂ ಕೆಲಸಕ್ಕೆ ಹೋಗಿ. ಇವತ್ತಿಂದ ಗಾಳೀನ ಗೇಟಲ್ಲೇ ಬರೀಬೇಕು. ತೂಕ ಬಾಯ್ಲರ್‌ನವರು ದಿನಾ ಬೆಳಿಗ್ಗೆ ಬಂದು ಹೇಳ್ಬೇಕು. ಇಬ್ರ ಸಹಿ ಇರ್ಬೇಕು."

ಸೀಲಪ್ಪನ ಮುಖ ಬೆಳಗಿತು. ಹೊಸ ಪುಸ್ತಕ ತೆರೆಯಬಹುದಲ್ಲ.

ಹೊರಡುವಾಗ ನನ್ನ ತಲೆಗೆ ಹೊಳೆಯಿತು. ಒಳಗೆ ಬಂದ ಇಪ್ಪತ್ತನಾಲ್ಕು ಟನ್ ಗಾಳಿ, ಜೊತೆಗೆ ಬೂದಿ ಕಳೆದು ಉಳಿದ ಕಲ್ಲಿದ್ದಲು, ಒಟ್ಟು ಇಪ್ಪತ್ತೈದು ಟನ್ನು ಆರುನೂರು ಕೆಜಿ ದಿನಾ ಚಿಮಣಿಯಿಂದ ಗೇಟ್‌ಪಾಸೇ ಇಲ್ಲದೆ ಹೊರಗೆ ಹೋಗುತ್ತಿದೆ! ಇಪ್ಪತ್ತಮೂರು ವರ್ಷದಲ್ಲಿ ನನಗೆ ಹೊಳೆದ ಅತ್ಯುತ್ತಮ ಜೋಕು. ನಾಲಿಗೆಯ ತುದಿಗೆ ಬಂದಿತ್ತು. ಭಾವ ಟೋಪಿ ಹಾಕಿಕೊಳ್ಳುತ್ತಿದ್ದರು. ಅದೇನೋ ನನಗೆ ಕೆಮ್ಮು ಬಂತು. ನಿನ್ನೆಯ ಹೊಗೆ ಇನ್ನೂ ಇದ್ದಿರಬೇಕು.

ಏಪ್ರಿಲ್ 2, ಬುಧವಾರ

ಬಹಳ ದಿನದಿಂದ ಬರೆದಿಲ್ಲ. ಬೆಳಗಿನ ಹೊತ್ತು ಗೇಟಿನಲ್ಲೇ ಕಳೆದುಹೋಗುತ್ತದೆ.

ಆರು ಗಂಟೆಗೆ ಹೋಗುತ್ತೇನೆ. ಭಾವ ಪುಸ್ತಕ ತೆರೆದು ಕೂತಿರುತ್ತಾರೆ.

"ಎಷ್ಟು?"

"ಇಪ್ಪತ್ತನಾಲ್ಕು."

ಬರೆಯುತ್ತಾರೆ. ಆಮೇಲೆ ಎದ್ದು ದೊಡ್ಡ ಗೇಟಿನ ಎರಡೂ ಬಾಗಿಲು ಹಾರುಹೊಡೆಯುತ್ತಾರೆ. ಇಪ್ಪತ್ತನಾಲ್ಕು ಟನ್ ಸಾಮಾನು ಸಣ್ಣ ಬಾಗಿಲಲ್ಲಿ ಹಿಡಿಯುವುದಿಲ್ಲವಂತೆ. ಇಬ್ಬರೂ ಆಚೀಚೆ ಸರಿದು ನಿಲ್ಲುತ್ತೇವೆ, ದಾರಿಗೆ ಅಡ್ಡ ಬರಬಾರದಲ್ಲ. ಒಂದು ನಿಮಿಷ. "ಎಲ್ಲಾ ಬಂತಾ?" "ಬಂತು." ಮುಚ್ಚುತ್ತಾರೆ. ಸಹಿ. ಆಮೇಲೆ ಕ್ಯಾರಿಯರ್ ಬಿಚ್ಚಿ ನಾಲ್ಕೂ ಡಬ್ಬಿ ಮೂಸಿ ನೋಡಿ, ಮೇಲಿನದನ್ನು ಇಟ್ಟುಕೊಂಡು ಉಳಿದದ್ದು ಕೊಡುತ್ತಾರೆ. ಭಾನುವಾರ ಮನೆಗೇ ಬಂದಿದ್ದರು. ಅವಳು ಮೂರು ಜನಕ್ಕೆ ಆರು ಜನದಷ್ಟು ಬೇಯಿಸಿದ್ದಳು.

ಇವತ್ತು ಸಹಿ ಆದ ಮೇಲೂ ಭಾವ ಪುಸ್ತಕ ಮುಚ್ಚಲಿಲ್ಲ. ಡ್ರಾಯರ್ ಎಳೆದು, ಒಳಗಿನಿಂದ ಒಂದು ಕಲ್ಲಿದ್ದಲ ಹೆಂಟೆ ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೆ ಕಟ್ಟಿದ್ದ ಚೀಟಿ ಹಳದಿಯಾಗಿತ್ತು. ನನ್ನ ಹೆಸರು, ತಾರೀಕು, ಕಾಲು ಕೆಜಿ.

ನನಗೆ ಏನಾದರೂ ಅನ್ನಬೇಕು ಅನ್ನಿಸಿತು. "ಅಷ್ಟೇನೂ ಒಳ್ಳೇ ಜೋಕಾಗಿರ್ಲಿಲ್ಲ, ಅಲ್ವಾ ಭಾವ?"

"ಹೆಂಟೆ ಒಳ್ಳೇದಿತ್ತು," ಅಂದರು. ಪೆನ್ನು ತೆಗೆದರು. "ಇದಕ್ಕೆಷ್ಟು?"

"ಕಾಲು ಕೆಜಿಗೆ... ಮೂರು."

ಬರೆದರು. ಎದ್ದು ಹೋಗಿ, ಸಣ್ಣ ಬಾಗಿಲನ್ನು ಒಂದು ಗೇಣು ತೆರೆದು, ಮುಚ್ಚಿ ಬಂದರು. ನಾನು ಹೆಂಟೆ ತಂದು ಎಲ್ಲದಕ್ಕಿಂತ ಮೊದಲು ಒಲೆಗೆ ಹಾಕಿದೆ. ಆರು ವರ್ಷದ ಹಳೇ ಮಾಲು, ಚೆನ್ನಾಗಿ ಒಣಗಿತ್ತು. ಚಟಚಟ ಅಂತು.

ಮಧ್ಯಾಹ್ನ ಗೇಟಿನ ನೆರಳಿನಲ್ಲಿ ಭಾವನ ಜೊತೆ ಊಟಕ್ಕೆ ಕೂತಿದ್ದಾಗ ಸೀಲಪ್ಪ ಪುಸ್ತಕ ಹಿಡಿದುಕೊಂಡು ಬಂದ.

"ಇಪ್ಪತ್ತನಾಲ್ಕು ಟನ್ನು, ಮೇಲೆ ಮೂರು ಕೆಜಿ ಅಂತ ಇದೆ. ಈ ಮೂರು ಕೆಜಿ ಯಾವ ಖಾತೆಗೆ?"

ನನ್ನ ಬಾಯಲ್ಲಿ ಆರು ಉತ್ತರ ಸಾಲಾಗಿ ನಿಂತಿದ್ದವು. ಭಾವ ತುತ್ತು ನುಂಗಿದರು.

"ಅದು ಮನೆ ವಿಷಯ," ಅಂದರು.

ಸೀಲಪ್ಪ 'ಮನೆ ವಿಷಯ' ಅಂತ ಬರೆದುಕೊಂಡು, ಅದರ ಮೇಲೆ ಸೀಲು ಒತ್ತಿ ಹೋದ.